ಬಳೆ ತೊಟ್ಟ ಕಲ್ಲು

ಪ್ರತಿ ವರ್ಷ ಬೇಸಿಗೆ ಬಂತೆಂದರೆ ನಮ್ಮ ಪಕ್ಕದ ಬೀದಿಯ ಟೀಚರಮ್ಮ ಒಂದೇ ಮಾತು ಕೇಳುತ್ತಿದ್ದರು. "ಹೇಮಾವತಿ ನೀರು ಇಳಿದಿದೆಯಂತೆ, ಶೆಟ್ಟಿಹಳ್ಳಿಗೆ ಒಂದು ಸಲ ಹೋಗಿಬರೋಣವೇನ್ರಿ?" ಪ್ರತಿ ವರ್ಷವೂ ನಾನು "ಹೋಗೋಣ ಟೀಚರಮ್ಮ" ಎನ್ನುತ್ತಿದ್ದೆ. ಮಗಳ ಬಾಣಂತನ, ಮನೆಗೆ ಸುಣ್ಣಬಣ್ಣ, ಯಾರದೋ ಮದುವೆ ಎಂದು ಬೇಸಿಗೆ ಕಳೆದು, ಮಳೆ ಹಿಡಿದು, ಜಲಾಶಯ ತುಂಬಿ, ಅವರ ಊರು ಮತ್ತೆ ನೀರಿನೊಳಕ್ಕೆ ಹೋಗಿಬಿಡುತ್ತಿತ್ತು. ಈ ಸಲ ಅವರು, "ನನ್ನ ಮಂಡಿ ಇನ್ನೊಂದು ವರ್ಷ ತಡೆಯೋ ಹಾಗಿಲ್ಲ" ಎಂದಾಗ ನನಗೇ ನಾಚಿಕೆಯಾಯಿತು. ಮರುದಿನವೇ ಕಾರಿಗೆ ಹೇಳಿದೆ.

ನನ್ನದೂ ಒಂದು ಸ್ವಾರ್ಥವಿತ್ತೆನ್ನಿ. ಹಲ್ಮಿಡಿಯನ್ನು ನಾನು ಪಠ್ಯಪುಸ್ತಕದಲ್ಲಿ ಓದಿದ್ದೆನೇ ಹೊರತು ನೋಡಿರಲಿಲ್ಲ. ಅದೇ ದಾರಿಯ ಒಂದು ಹಳ್ಳಿಯ ಕೆರೆ ಏರಿಯ ಮೇಲೆ ಚೆಂದದ ಮಾಸ್ತಿಕಲ್ಲು ಇದೆಯೆಂದು ನಮ್ಮ ಸಂಬಂಧಿಕರೊಬ್ಬರು ಬಹಳ ಹಿಂದೆ ಹೇಳಿದ್ದರು. "ಬೆಳಿಗ್ಗೆ ನಿಮ್ಮ ಚರ್ಚು, ಮಧ್ಯಾಹ್ನ ನನ್ನ ಕಲ್ಲು" ಎಂದು ಒಪ್ಪಂದವಾಯಿತು. ನಾನು ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡೆ. ಅವರಿಗೆ ತಪಸ್ಸುಕಾಲ, ಆದರೂ ರವೆ ಉಂಡೆ ತಂದಿದ್ದರು. ಜೊತೆಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಮೊಳ ಸೇವಂತಿಗೆ. ಅದು ಯಾರಿಗೆಂದು ನಾನು ಕೇಳಲಿಲ್ಲ.

ಹಾಸನ ಬಿಟ್ಟು ಗೊರೂರಿನ ಕಡೆ ಹೊರಟರೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು ಶೆಟ್ಟಿಹಳ್ಳಿ. ಗೊರೂರೆಂದರೆ ನನ್ನ ತಲೆಮಾರಿನವರಿಗೆ ಮೊದಲು ನೆನಪಾಗುವುದು ಅಣೆಕಟ್ಟಲ್ಲ, ರಾಮಸ್ವಾಮಿ ಅಯ್ಯಂಗಾರರು. ಹೈಸ್ಕೂಲಿನಲ್ಲಿ ಅವರ 'ಹಳ್ಳಿಯ ಚಿತ್ರಗಳು' ಓದಿ ನಕ್ಕು ನಕ್ಕು ಸುಸ್ತಾಗಿದ್ದೆವು. ಆ ಹಳ್ಳಿಗಳ ಪಕ್ಕದಲ್ಲೇ ಹೇಮಾವತಿಗೆ ಕಟ್ಟೆ ಕಟ್ಟಿದರು. 1979ರಲ್ಲಿ ಅದು ಪೂರ್ಣಗೊಂಡಿತು. 44 ಮೀಟರು ಎತ್ತರ, ನಾಲ್ಕೂವರೆ ಕಿಲೋಮೀಟರಿಗೂ ಉದ್ದದ ಕಟ್ಟೆ. ಅದರ ಹಿಂದೆ 37 ಟಿಎಂಸಿ ನೀರು ನಿಲ್ಲುತ್ತದೆ. ತುಮಕೂರಿನ ನಲ್ಲಿಯಲ್ಲಿ ಬರುವುದೂ ಇದೇ ನೀರು. ತುಮಕೂರಿನಲ್ಲಿರುವ ನನ್ನ ತಂಗಿಗೆ ಕೊಡ ತುಂಬಿಸುವಾಗ ಶೆಟ್ಟಿಹಳ್ಳಿ ನೆನಪಾಗಲು ಕಾರಣವಿಲ್ಲ. ನನಗೂ ಟೀಚರಮ್ಮನ ಪರಿಚಯವಾಗುವ ತನಕ ನೆನಪಾಗುತ್ತಿರಲಿಲ್ಲ.

ದಾರಿಯಲ್ಲಿ ಮೊದಲು ಒಂದು ಪುಟ್ಟ ಊರಿನ ಚರ್ಚಿನ ಮುಂದೆ ಕಾರು ನಿಲ್ಲಿಸಲು ಹೇಳಿದರು. ಕೆಂಪು ಹೆಂಚಿನ ಮಾಡು, ಬಾಗಿಲ ಮುಂದೆ ಚಪ್ಪಲಿ ಬಿಡುವ ಜಾಗ, ಒಳಗೆ ನೆಲದ ಮೇಲೆ ಚಾಪೆ. ಗೋಡೆಯ ಶಿಲುಬೆಯೊಂದನ್ನು ಬಿಟ್ಟರೆ ನಮ್ಮ ಊರಿನ ಭಜನೆಮನೆಯ ಹಾಗೇ ಇತ್ತು. ಸ್ವಾಮಿಗಳು ಊರಲ್ಲಿರಲಿಲ್ಲ. ಟೀಚರಮ್ಮ ಮೊದಲೇ ಫೋನು ಮಾಡಿಟ್ಟಿದ್ದರಿಂದ ಉಪದೇಶಿಗಳು ಕಾಯುತ್ತಿದ್ದರು. ಬೀರುವಿನಿಂದ ಕಪ್ಪು ರಟ್ಟಿನ ಒಂದು ದೊಡ್ಡ ಪುಸ್ತಕ ತಂದು, ಧೂಳು ಒರೆಸಿ, ಮೇಜಿನ ಮೇಲಿಟ್ಟರು. ಮಣ್ಣು ಮಾಡಿದವರ ದಾಖಲೆ ಪುಸ್ತಕ ಅದು. ಹುಟ್ಟಿಗೆ ಜ್ಞಾನಸ್ನಾನದ ಪುಸ್ತಕ, ಮದುವೆಗೆ ಒಂದು, ಸಾವಿಗೆ ಒಂದು ಎಂದು ಕಥೋಲಿಕರ ಪ್ರತಿ ಚರ್ಚಿನಲ್ಲೂ ಇಡುತ್ತಾರಂತೆ. ತಲೆಬರಹಗಳು ಲ್ಯಾಟಿನ್ನಿನಲ್ಲಿದ್ದವು. ಮಸಿ ಕಂದುಬಣ್ಣಕ್ಕೆ ತಿರುಗಿತ್ತು.

ಟೀಚರಮ್ಮ ಕನ್ನಡಕ ಏರಿಸಿ 1964ನೇ ಇಸವಿಯ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಐದನೆಯದೋ ಆರನೆಯದೋ ಹಾಳೆಯಲ್ಲಿ ಅವರ ಬೆರಳು ನಿಂತಿತು. "ನಮ್ಮ ಅಜ್ಜಿ" ಎಂದರು. ಅಜ್ಜಿಯ ಹೆಸರು, ತಾತನ ಹೆಸರು, ವಯಸ್ಸು, ಕಾಯಿಲೆ, ಮಣ್ಣು ಮಾಡಿದ ತಾರೀಖು, ಕೊನೆಗೆ ಸ್ವಾಮಿಗಳ ರುಜು. ಎಲ್ಲ ಸೇರಿ ಒಂದೂವರೆ ಸಾಲು.

"ಇದು ಅವರ ಹೆಸರು ಅಂತ ನನಗೆ ಗೊತ್ತೇ ಇರಲಿಲ್ಲ ನೋಡಿ. ನಾವೆಲ್ಲ ಪುಟ್ಟವ್ವ ಅಂತಿದ್ದೆವು. ನಮ್ಮ ತಾತನೂ ಪುಟ್ಟವ್ವ ಅಂತಲೇ ಕರೀತಿದ್ದರು."

ಹೆಸರನ್ನು ಅವರು ಎರಡು ಸಲ ಮೆಲ್ಲಗೆ ಹೇಳಿಕೊಂಡು, ನನ್ನ ಕೈಯಲ್ಲಿ ಒಂದು ಚೀಟಿಯ ಮೇಲೆ ಬರೆಸಿಕೊಂಡರು.

ಅಲ್ಲಿಂದ ಶೆಟ್ಟಿಹಳ್ಳಿ. ಕಾರು ಇಳಿದರೆ ಕಣ್ಣು ಹಾಯುವಷ್ಟು ಬಿರಿದ ಮಣ್ಣು, ಅದರ ನಡುವೆ ಮಾಡಿಲ್ಲದ ಒಂದು ದೊಡ್ಡ ಕಟ್ಟಡ. ಚೂಪು ಕಮಾನುಗಳು ಒಂದರ ಹಿಂದೊಂದು ನಿಂತಿವೆ. ಕಮಾನಿನ ಆಚೆ ಆಕಾಶ, ಅದರಾಚೆ ದೂರದಲ್ಲಿ ಉಳಿದಿರುವ ನೀರು. ಫೋಟೋಗಳಲ್ಲಿ ನೀವೂ ನೋಡಿರಬಹುದು. ಮಳೆಗಾಲದಲ್ಲಿ ಅರ್ಧ ಮುಳುಗಿ ಹಡಗಿನ ಹಾಗೆ ಕಾಣುತ್ತದೆ. ಬೇಸಿಗೆಯಲ್ಲಿ ಅದು ಹಡಗಲ್ಲ, ಹಾಳುಬಿದ್ದ ಮನೆ. ಗೋಡೆಯ ಸುಣ್ಣವೆಲ್ಲ ಹೋಗಿ ಇಟ್ಟಿಗೆ ಎದ್ದು ಕಾಣುತ್ತದೆ. ಬೆಲ್ಲ, ಮೊಟ್ಟೆ ಸೇರಿಸಿದ ಗಾರೆಯಲ್ಲಿ ಕಟ್ಟಿದ್ದರಿಂದಲೇ ಇಷ್ಟು ವರ್ಷ ನೀರಿನಲ್ಲಿ ನಿಂತಿದೆ ಎಂದು ಸುತ್ತಲಿನವರ ನಂಬಿಕೆ.

ಅಲ್ಲಿದ್ದ ಹುಡುಗನೊಬ್ಬ, "ಇದು ಅಬ್ಬೆ ದುಬಾಯ್ ಕಟ್ಟಿಸಿದ್ದು ಮೇಡಂ" ಎಂದ. ಅನೇಕರು ಹಾಗೇ ಹೇಳುತ್ತಾರೆ. ಅದು ಸರಿಯಲ್ಲ. ಈ ರೋಸರಿ ಚರ್ಚು ಎದ್ದದ್ದು 1860ರ ದಶಕದಲ್ಲಿ, ಕಟ್ಟಿಸಿದವರು ಫ್ರೆಂಚ್ ಪಾದ್ರಿಗಳು. ದುಬಾಯ್ 1823ರಲ್ಲೇ ಊರಿಗೆ ಮರಳಿದ್ದ, 1848ರಲ್ಲಿ ತೀರಿಕೊಂಡಿದ್ದ. ಆದರೆ ಈ ಸೀಮೆಯಲ್ಲಿ ಅವನ ಹೆಸರು ನಿಂತಿರುವುದಕ್ಕೆ ಕಾರಣವಿಲ್ಲದೆ ಇಲ್ಲ. 1792ರಲ್ಲಿ ಫ್ರಾನ್ಸಿನ ಕ್ರಾಂತಿಯಿಂದ ತಪ್ಪಿಸಿಕೊಂಡು ಬಂದವನು ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದ. ನಮ್ಮವರ ಹಾಗೆ ಬಟ್ಟೆ ತೊಟ್ಟು, ನಮ್ಮವರ ಊಟ ಮಾಡಿಕೊಂಡು, ಹಾಸನದ ಸುತ್ತ ಕ್ರೈಸ್ತ ರೈತರ ನೆಲೆಗಳನ್ನು ಕಟ್ಟಿದ. ಜನ ಅವನನ್ನು ದೊಡ್ಡಸ್ವಾಮಿಗಳು ಎಂದರು.

ಅವನು ಮಾಡಿದ ಇನ್ನೊಂದು ಕೆಲಸ ನನಗೆ ಚರ್ಚಿಗಿಂತ ದೊಡ್ಡದಾಗಿ ಕಾಣುತ್ತದೆ. 1803-04ರಲ್ಲಿ ಈ ಸೀಮೆಯ 25 ಸಾವಿರಕ್ಕೂ ಹೆಚ್ಚು ಜನರಿಗೆ ಸಿಡುಬಿನ ದಾಕು ಹಾಕಿಸಿದ. ಇಂಡಿಯಾದಲ್ಲಿ ಮೊಟ್ಟಮೊದಲು ಈ ದಾಕು ಹಾಕಿದ್ದು ಬೊಂಬಾಯಿಯ ಮೂರು ವರ್ಷದ ಹೆಣ್ಣುಮಗು ಆನಾ ಡಸ್ಟ್‌ಹಾಲ್‌ಗೆ, 1802ರ ಜೂನ್ 14ರಂದು. ಆಗ ಈಗಿನಂತೆ ಸೀಸೆಯಲ್ಲಿ ಮದ್ದು ಬರುತ್ತಿರಲಿಲ್ಲ. ಒಂದು ಮಗುವಿನ ತೋಳಿನ ಗುಳ್ಳೆಯಿಂದ ತೆಗೆದು ಇನ್ನೊಂದರ ತೋಳಿಗೆ, ಅದರಿಂದ ಮತ್ತೊಂದಕ್ಕೆ. ಯಾರದೋ ತೋಳಿನದನ್ನು ನಮ್ಮ ಮಗುವಿಗೆ ಹಾಕಿಸುವುದೆಂದರೆ ಯಾವ ತಾಯಿ ಒಪ್ಪಿಯಾಳು? ಅದಕ್ಕಾಗಿಯೇ ಮೈಸೂರಿನ ಅರಮನೆಯ ಹೆಂಗಸರು ಮುಂದೆ ನಿಂತರಂತೆ. 1805ರ ಹೊತ್ತಿಗೆ ತಾಮಸ್ ಹಿಕಿ ಬರೆದನೆಂದು ಹೇಳುವ ಒಂದು ವರ್ಣಚಿತ್ರದಲ್ಲಿ ಎಳೆಯ ರಾಣಿಯೊಬ್ಬಳು ಸೆರಗು ಸರಿಸಿ ತೋಳು ತೋರಿಸುತ್ತಿದ್ದಾಳೆ. ಅವಳು ಮುಮ್ಮಡಿ ಕೃಷ್ಣರಾಜರ ರಾಣಿ ದೇವಾಜಮ್ಮಣ್ಣಿ, ತೋರಿಸುತ್ತಿರುವುದು ದಾಕು ಹಾಕಿಸಿಕೊಂಡ ಜಾಗ ಎಂದು ನೈಜಲ್ ಚಾನ್ಸೆಲರ್ ಎಂಬ ಇತಿಹಾಸಕಾರರು ಗುರುತಿಸಿದ್ದಾರೆ.

ಈ ಕತೆ ಹೇಳುತ್ತಿದ್ದಾಗ ಟೀಚರಮ್ಮ ತಮ್ಮ ರವಿಕೆಯ ತೋಳನ್ನು ಒಂದಿಷ್ಟು ಮೇಲೆ ಸರಿಸಿ, "ನನಗೂ ಇಲ್ಲೇ ಹಾಕಿದ್ದು. ಈ ಚರ್ಚಿನ ಮುಂದೆ ಬೆಂಚು ಹಾಕಿಕೊಂಡು ಕೂತಿದ್ದರು. ನಾನು ಓಡಿಹೋದೆ ಅಂತ ಅಜ್ಜಿ ಹಿಡಕೊಂಡು ಬಂದಿದ್ದರು" ಎಂದು ಆ ದುಂಡು ಕಲೆಯನ್ನು ತೋರಿಸಿದರು.

ಸಮಾಧಿಗಳ ಜಾಗ ಸಿಗಲಿಲ್ಲ. "ದೇವಾಲಯದ ಬಲಗಡೆ, ಒಂದು ಹುಣಸೆಮರ ಇತ್ತು, ಅದರಿಂದ ಮುಂದಕ್ಕೆ" ಎನ್ನುತ್ತ ಕೋಲೂರಿಕೊಂಡು ಸುಮಾರು ದೂರ ನಡೆದರು. ಮರವಿಲ್ಲ, ಶಿಲುಬೆಯಿಲ್ಲ, ಬೇಲಿಯಿಲ್ಲ. ಒಣಗಿ ಚಕ್ಕೆಯೆದ್ದ ಮಣ್ಣು ಎಲ್ಲ ಕಡೆಯೂ ಒಂದೇ. ಊರು ಬಿಡುವಾಗ ಅವರ ತಾಯಿ ಅಜ್ಜಿಯ ಸಮಾಧಿಯಿಂದ ಒಂದು ಹಿಡಿ ಮಣ್ಣನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಬಂದಿದ್ದರಂತೆ. ಹೊಸ ಊರಲ್ಲಿ ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಬಹಳ ವರ್ಷ ಹಿಟ್ಟಿನ ಡಬ್ಬದ ಹಿಂದೆಯೇ ಇತ್ತಂತೆ. ಪರಿಹಾರ ಎಷ್ಟು ಬಂತು ಎಂದು ನಾನು ಕೇಳಿದೆ. "ಗದ್ದೆಗೆ ಕೊಟ್ಟರು, ಮನೆಗೆ ಕೊಟ್ಟರು" ಎಂದಷ್ಟೇ ಹೇಳಿದರು.

ಅಷ್ಟರಲ್ಲಿ ಕಮಾನಿನ ಕೆಳಗಿನಿಂದ ಯಾರೋ ಕೂಗಿದರು. ಮದುವೆಗೆ ಮೊದಲಿನ ಫೋಟೋ ತೆಗೆಸಿಕೊಳ್ಳಲು ಜೋಡಿಯೊಂದು ಬಂದಿತ್ತು. ನೆಲ ಗುಡಿಸುವ ಉದ್ದದ ಕೆಂಪು ಗೌನು ತೊಟ್ಟ ಹುಡುಗಿ, ಬಿಸಿಲಿನಲ್ಲಿ ಕೋಟು ಹಾಕಿಕೊಂಡ ಹುಡುಗ. "ಆಂಟಿ, ಸ್ವಲ್ಪ ಪಕ್ಕಕ್ಕೆ ಬರ್ತೀರಾ, ಫ್ರೇಮಲ್ಲಿ ಬರ್ತಿದ್ದೀರ" ಎಂದ ಫೋಟೋದವನು. ನನಗೆ ಸಿಟ್ಟು ಬಂತು. ಟೀಚರಮ್ಮ ಮಾತ್ರ ನಗುತ್ತಾ ಸರಿದು ನಿಂತು, "ಚೆನ್ನಾಗಿರಿ ಮಕ್ಕಳೇ" ಎಂದರು. ಸೇವಂತಿಗೆಯ ಮೊಳವನ್ನು ಎಲ್ಲಿಡುವುದೆಂದು ಒಂದು ಗಳಿಗೆ ನೋಡಿ, ಬಲಗಡೆಯ ಗೋಡೆಯ ಬುಡದಲ್ಲಿ ಇಟ್ಟು ಬಂದರು.

ಬೇಲೂರಿಗೆ ಬರುವಷ್ಟರಲ್ಲಿ ಹೊಟ್ಟೆ ತಾಳ ಹಾಕುತ್ತಿತ್ತು. ದೇವಸ್ಥಾನದ ಒಳಗೆ ಹೋಗಲಿಲ್ಲ, ಹೋದರೆ ದಿನ ಮುಗಿಯುತ್ತದೆ. ಮರದ ನೆರಳಲ್ಲಿ ಊಟ ಮುಗಿಸಿ ಹಲ್ಮಿಡಿಗೆ ಹೊರಟೆವು. ಬೇಲೂರಿನಿಂದ ಹದಿನೈದು ಹದಿನಾರು ಕಿಲೋಮೀಟರು.

ಸಣ್ಣ ಊರು. 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಇಲ್ಲಿನ ಕಲ್ಲನ್ನು ಬೆಳಕಿಗೆ ತಂದರು. ಕ್ರಿ.ಶ. 450ರ ಸುಮಾರಿನದೆಂದು ಹೇಳುವ ಈ ಶಾಸನದಲ್ಲಿ ಹದಿನಾರು ಸಾಲುಗಳಿವೆ. ಈಚೆಗೆ ತಾಳಗುಂದದಲ್ಲಿ ಸಿಕ್ಕ ಸಣ್ಣ ಶಾಸನವೊಂದು ಇದಕ್ಕೂ ಹಳೆಯದೆಂಬ ವಾದವಿದೆ. ಇರಲಿ, ನಮಗೆಲ್ಲ ಕನ್ನಡದ ಮೊದಲ ಶಾಸನವೆಂದರೆ ಬಾಯಿಗೆ ಬರುವುದು ಹಲ್ಮಿಡಿಯೇ. ಮೂಲ ಕಲ್ಲು ಮೈಸೂರಿನಲ್ಲಿದೆ. ಊರಿನಲ್ಲಿರುವುದು ಅದರ ಪಡಿಯಚ್ಚು, ಮಂಟಪದೊಳಗೆ. ಮೇಲೆ ಚಕ್ರ, ಕೆಳಗೆ ಸಾಲುಗಳು. ನೋಡಿದಾಗ, ಇಷ್ಟೇನಾ ಎನಿಸಿದ್ದು ನಿಜ. ಹಿಡಿದರೆ ಒಬ್ಬರ ಅಪ್ಪುಗೆಗೆ ಬರುವಷ್ಟು ಕಲ್ಲು.

ಅದರಲ್ಲಿ ಏನಿದೆಯೆಂದು ಟೀಚರಮ್ಮ ಕೇಳಿದರು. ಕದಂಬರ ಕಾಲ. ಯುದ್ಧದಲ್ಲಿ ಗೆದ್ದ ವಿಜ ಅರಸನೆಂಬ ವೀರನಿಗೆ ಪಲ್ಮಿಡಿ, ಮೂಳಿವಳ್ಳಿ ಎಂಬ ಎರಡು ಊರುಗಳನ್ನು ಬಾಳ್ಗಳ್ಚಾಗಿ ಕೊಟ್ಟರು ಎಂದಿದೆ ಎಂದೆ. ಬಾಳ್ ಎಂದರೆ ಕತ್ತಿ, ಕಳ್ಚು ಎಂದರೆ ತೊಳೆ. ರಕ್ತ ಮೆತ್ತಿದ ಕತ್ತಿಯನ್ನು ತೊಳೆದು ಕೊಡುವ ಉಡುಗೊರೆ.

"ಕತ್ತಿ ತೊಳೆದವರು ಯಾರೋ" ಎಂದರು ಅವರು. ತಮಾಷೆಗೆ ಹೇಳಿದ್ದಿರಬೇಕು. ಆದರೆ ನಾನು ಆ ಹದಿನಾರು ಸಾಲುಗಳನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಓದಿಕೊಂಡೆ. ರಾಜ, ಅಧಿಕಾರಿ, ವೀರ, ಎಲ್ಲ ಗಂಡಸರು. ನಮ್ಮ ಭಾಷೆ ಕಲ್ಲಿನ ಮೇಲೆ ಬಾಯಿ ತೆರೆದದ್ದೇ ಗಂಡಸರ ಹೆಸರು ಹೇಳಲು ಎಂದರೆ ವಿದ್ವಾಂಸರು ಬೈದಾರು. ಆದರೂ ಎನಿಸಿದ್ದನ್ನು ಹೇಳುತ್ತಿದ್ದೇನೆ.

ಹೆಂಗಸರ ಹೆಸರು ಕಲ್ಲಿನ ಮೇಲೆ ಇಲ್ಲವೇ ಇಲ್ಲವೆಂದಲ್ಲ. ದಾನ ಕೊಟ್ಟ ರಾಣಿಯರಿದ್ದಾರೆ, ಬಸದಿ ಕಟ್ಟಿಸಿದವರಿದ್ದಾರೆ. ಮೈಸೂರು ಜಿಲ್ಲೆಯ ಬೆಳತೂರಿನಲ್ಲಿ 1057ರ ಶಾಸನವಿದೆ, ದೇಕಬ್ಬೆಯದು. ರವಿಗನ ಮಗಳು, ನವಿಲೆನಾಡಿನ ಏಚನ ಹೆಂಡತಿ. ಮಲ್ಲಯುದ್ಧದಲ್ಲಿ ದಾಯಾದಿಯನ್ನು ಕೊಂದನೆಂದು ಏಚನನ್ನು ತಲಕಾಡಿನಲ್ಲಿ ಕೊಲ್ಲಿಸಿದಾಗ, ಹೆತ್ತವರು ಬೇಡವೆಂದು ಅಂಗಲಾಚಿದರೂ ಕೇಳದೆ ಅವಳು ಬೆಂಕಿಗೆ ಬಿದ್ದಳು. ಆ ಶಾಸನ ಒಳ್ಳೆಯ ಕಾವ್ಯವೂ ಹೌದು. ಹಳೇಬೀಡಿನ ಗರುಡಗಂಬದಲ್ಲಿ ವೀರಬಲ್ಲಾಳನ ದಂಡನಾಯಕ ಕುವರಲಕ್ಷ್ಮನ ಜೊತೆಗೆ ಅವನ ಹೆಂಡತಿ ಸುಗ್ಗಲದೇವಿಯ ಹೆಸರೂ ಇದೆ. ರಾಜ ಸತ್ತಾಗ ಇಬ್ಬರೂ, ಅವರ ಜೊತೆಯ ಸಾವಿರ ಜನರೂ ಪ್ರಾಣಬಿಟ್ಟರೆಂದು ಆ ಕಂಬ ಹೇಳುತ್ತದೆ. ಇವರೆಲ್ಲ ದೊಡ್ಡ ಮನೆಯವರು. ಊರೂರಿನ ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ ನಿಂತಿರುವ ಮಾಸ್ತಿಕಲ್ಲುಗಳ ಸಂಗತಿ ಬೇರೆ. ಅವುಗಳಲ್ಲಿ ಎಷ್ಟೋ ಕಲ್ಲುಗಳ ಮೇಲೆ ಒಂದು ಅಕ್ಷರವೂ ಇಲ್ಲ.

ಆತಕೂರಿನ ಕಲ್ಲನ್ನು ನೆನೆದರೆ ನನಗೆ ನಗುವೂ ಬರುತ್ತದೆ, ಸಂಕಟವೂ ಆಗುತ್ತದೆ. 949-50ರ ಕಾಲದ ಆ ಕಲ್ಲಿನಲ್ಲಿ ಹಂದಿಯೊಡನೆ ಹೋರಾಡಿ ಸತ್ತ ನಾಯಿಯ ಚಿತ್ರವಿದೆ, ಹೆಸರೂ ಇದೆ. ಕಾಳಿ. ಗಂಗರ ಬೂತುಗನಿಂದ ಮಣಲೆರ ಮೆಚ್ಚಿ ಪಡೆದ ನಾಯಿ. ಸಾವಿರ ವರ್ಷ ಕಳೆದರೂ ಕಾಳಿ ನಮಗೆ ಕಾಳಿಯೇ.

ನಾವು ಹುಡುಕಿಕೊಂಡು ಹೋದ ಹಳ್ಳಿಗೆ ತಲುಪಿದಾಗ ಬಿಸಿಲು ಇಳಿದಿತ್ತು. ಏರಿಯ ಮೇಲೆ ಎರಡು ಕಲ್ಲು. ಒಂದು ವೀರಗಲ್ಲು, ಮೂರು ಅಂತಸ್ತಿನದು. ಕೆಳಗೆ ಕಾದಾಟ, ನಡುವೆ ಅವನನ್ನು ಕೈಹಿಡಿದು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ. ಪಕ್ಕದಲ್ಲೇ ಮಾಸ್ತಿಕಲ್ಲು. ಒಂದು ಕಂಬ, ಕಂಬದಿಂದ ಚಾಚಿ ಮೊಣಕೈಯಲ್ಲಿ ಮೇಲಕ್ಕೆ ಮಡಿಚಿದ ಒಂದು ತೋಳು, ತೆರೆದ ಅಂಗೈ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ನಿಂಬೆಹಣ್ಣು. ಮುಖವಿಲ್ಲ, ಮೈಯಿಲ್ಲ. ಇರುವುದೆಲ್ಲ ಒಂದು ತೋಳು. ಮುಂಗೈ ತುಂಬ ಬಳೆ.

ಶಿಲ್ಪಿ ಬೇರೇನನ್ನೂ ಕೆತ್ತದೆ ಬಳೆಗಳನ್ನು ಮಾತ್ರ ಒಂದೊಂದಾಗಿ, ಜೋಪಾನವಾಗಿ ಬಿಡಿಸಿದ್ದ. ನಾನು ಎಣಿಸಿದೆ, ಏಳು ಕಂಡವು. ಗಂಡ ಸತ್ತವಳ ಬಳೆ ಒಡೆಯುತ್ತಾರೆ. ಒಡೆಯುವ ಮೊದಲೇ ಹೋದವಳು ಎನ್ನುವುದೇ ಈ ಕಲ್ಲಿನ ಹೊಗಳಿಕೆ. ಚಿಕ್ಕವಳಿದ್ದಾಗ ನಮ್ಮ ದೊಡ್ಡಮ್ಮನ ಬಳೆ ತೆಗೆದ ದಿನ ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಆ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಹಾಗಾಗಿ ಆ ಕಲ್ಲಿನ ಹೊಗಳಿಕೆಯ ತೂಕ ಎಷ್ಟೆಂದು ನನಗೆ ಗೊತ್ತು. ಅದಕ್ಕೇ ಅದನ್ನು ಮೆಚ್ಚಲು ಆಗುವುದಿಲ್ಲ.

ಬೆಳಿಗ್ಗೆ ನೆನೆದ ದುಬಾಯ್ ಮತ್ತೆ ನೆನಪಾದ. ನಮ್ಮ ರೀತಿನೀತಿಗಳ ಮೇಲೆ ಅವನು ಬರೆದ ದೊಡ್ಡ ಪುಸ್ತಕ 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಅದರಲ್ಲಿ ಬಹುಭಾಗವನ್ನು ಅವನಿಗಿಂತ ಹಿಂದಿನ ಕೆರ್ದೂ ಎಂಬ ಪಾದ್ರಿಯ ಬರಹದಿಂದ ಎತ್ತಿಕೊಂಡಿದ್ದನೆಂದು ಈಗ ತಿಳಿದಿದೆ. ಆದರೆ ಕೆರ್ದೂ ಸತ್ತದ್ದು 1779ರಲ್ಲಿ. ಆದ್ದರಿಂದ ಆ ಪುಸ್ತಕದಲ್ಲಿರುವ 1794ರ ಒಂದು ಪ್ರಸಂಗ ಕೆರ್ದೂನದಾಗಿರಲು ಸಾಧ್ಯವಿಲ್ಲ. ತಂಜಾವೂರು ಸೀಮೆಯ ಹಳ್ಳಿಯೊಂದರಲ್ಲಿ ಕೋಮಟಿ ಗೃಹಸ್ಥನೊಬ್ಬ ಸತ್ತ. ಹೆಂಡತಿಗೆ ಮೂವತ್ತರ ವಯಸ್ಸು. ಸಹಗಮನ ಮಾಡುತ್ತೇನೆಂದಳು. ಮೆರವಣಿಗೆಯಲ್ಲಿ ಸುತ್ತಲಿನ ಹೆಂಗಸರು ಮುಗಿಬಿದ್ದು, ನಮಗೆ ಒಳ್ಳೆಯದಾಗುತ್ತದೆಯೇ, ಮಕ್ಕಳಾಗುತ್ತವೆಯೇ ಎಂದು ಅವಳನ್ನು ಕೇಳಿದರು. ಅವಳು ಎಲ್ಲರಿಗೂ ಒಳ್ಳೆಯ ಮಾತು ಹೇಳಿದಳು, ವೀಳ್ಯದೆಲೆ ಕೊಟ್ಟಳು. ಚಿತೆ ಕಣ್ಣಿಗೆ ಬಿದ್ದಾಗ ಮಾತ್ರ ಅವಳ ಬಣ್ಣ ಇಳಿಯಿತು, ಮೈ ನಡುಗಿತು. ಕೊನೆಯ ಪ್ರದಕ್ಷಿಣೆಯನ್ನು ಬೇರೆಯವರು ಹಿಡಿದು ಮಾಡಿಸಬೇಕಾಯಿತು. ಅವನು ಮತಪ್ರಚಾರಕ್ಕೆ ಬಂದವನು, ನಮ್ಮನ್ನು ಆಡಿಕೊಳ್ಳುವ ಚಪಲವೂ ಅವನಿಗಿತ್ತು. ಹಾಗೆಂದು ಆ ನಡುಕವನ್ನು ಅವನು ಕಲ್ಪಿಸಿಕೊಂಡನೆಂದು ನನಗೆ ಎನಿಸುವುದಿಲ್ಲ. ಕಲ್ಲು ಕೆತ್ತಿದವನು ನಿಂಬೆಹಣ್ಣು ಹಿಡಿದ ಬೆರಳುಗಳನ್ನು ಕೆತ್ತಿದ, ನಡುಕವನ್ನು ಬಿಟ್ಟ.

ಟೀಚರಮ್ಮ ಏರಿಯ ಮೇಲೆ ಕುಳಿತು ಮಂಡಿ ನೀವಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಒಬ್ಬ ಹೆಂಗಸು ಸಣ್ಣ ಚೊಂಬು ಹಿಡಿದು ಬಂದಳು. ಹಸು ಕರು ಹಾಕಿದೆಯಂತೆ, ಮೊದಲ ಹಾಲು ಮಾಸ್ತಮ್ಮನಿಗೆ. ತೋಳಿಗೆ ಅರಿಶಿನ ಬಳಿದಳು, ಅಂಗೈಗೆ ಕುಂಕುಮವಿಟ್ಟಳು, ಬುಡಕ್ಕೆ ಹಾಲೆರೆದಳು. ಪಕ್ಕದ ವೀರಗಲ್ಲಿನ ಕಡೆ ತಿರುಗಿಯೂ ನೋಡಲಿಲ್ಲ.

"ಅವನಿಗೆ ಏನೂ ಇಲ್ವೇನವ್ವ?" ಎಂದೆ.

"ಅವ್ನ ತಕ್ಕೊಂಡು ಏನ್ ಮಾಡನ? ಮಕ್ಳುಮರಿ, ದನಕರ ಎಲ್ಲಾ ಕಾಯೋಳು ಇವ್ಳೆಯಾ."

1987ರಲ್ಲಿ ರಾಜಸ್ಥಾನದ ದೇವರಾಲದಲ್ಲಿ ಹದಿನೆಂಟು ವರ್ಷದ ರೂಪ್ ಕನ್ವರ್ ಚಿತೆಯಲ್ಲಿ ಸತ್ತಾಗ, ಅಲ್ಲಿ ಸೇರಿದ ಜನಜಾತ್ರೆಯ ಸುದ್ದಿ ಓದಿ ನಾವು ಕೆಲವರು ಹೆಂಗಸರು ಒಟ್ಟಾಗಿ ಕೂತು ಮಾತಾಡಿದ್ದೆವು. ಆ ವರ್ಷವೇ ಸತಿಯನ್ನು ವೈಭವೀಕರಿಸುವುದೂ ಅಪರಾಧವೆಂದು ಕಾನೂನು ಬಂತು. ಬರಬೇಕಾದದ್ದೇ. ಮಾಸ್ತಿಕಲ್ಲಿಗೆ ಅರಿಶಿನ ಹಚ್ಚುವುದೂ ತಪ್ಪೇ ಎಂದು ಅಂದು ಯಾರೋ ಕೇಳಿದ್ದಕ್ಕೆ, ತಪ್ಪೇ ಎಂದು ನಾನು ಜೋರಾಗಿ ಹೇಳಿದ್ದೆ. ಈ ಹೆಂಗಸಿನ ಮುಂದೆ ಆ ಮಾತು ನನ್ನ ಬಾಯಿಗೆ ಬರಲಿಲ್ಲ. ಅವಳು ಹಾಲೆರೆಯುತ್ತಿದ್ದದ್ದು ಬೆಂಕಿಗಲ್ಲ. ಕಷ್ಟಪಟ್ಟು ಸತ್ತ ಒಬ್ಬಳಿಗೆ ನಮ್ಮ ಕಷ್ಟ ತಿಳಿಯುತ್ತದೆ ಎಂಬ ನೆಚ್ಚಿಕೆಗೆ. ಇದೂ ನನ್ನ ಊಹೆ ಇರಬಹುದು.

ಟೀಚರಮ್ಮ ಕೇಳಿದರು: "ಅವರ ಹೆಸರೇನವ್ವ?"

"ಮಾಸ್ತಮ್ಮ."

"ಅದು ಸರಿ. ಅವರಪ್ಪ ಅಮ್ಮ ಇಟ್ಟ ಹೆಸರು?"

ಹೆಂಗಸು ಸ್ವಲ್ಪ ಹೊತ್ತು ಕಲ್ಲನ್ನೇ ನೋಡಿದಳು. ಅದುವರೆಗೆ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲವೇನೋ. "ನಮ್ಮತ್ತೆ ಹೇಳ್ಕೊಟ್ಟಿದ್ದು ಇಷ್ಟೆಯಾ ಕಣವ್ವ. ಅವ್ರತ್ತೆ ಅವ್ರಿಗೂ ಇಷ್ಟೇ ಹೇಳಿದ್ರೇನೋ" ಎಂದು ಚೊಂಬಿನ ತಳದಲ್ಲಿ ಉಳಿದಿದ್ದನ್ನೂ ಸುರಿದಳು. ಆಮೇಲೆ, ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂದು ನಮ್ಮಿಬ್ಬರಿಗೂ ಕುಂಕುಮ ಕೊಟ್ಟಳು. ಟೀಚರಮ್ಮ ಇಟ್ಟುಕೊಳ್ಳುವುದಿಲ್ಲ, ವಿಧವೆಯೂ ಹೌದು, ಕ್ರೈಸ್ತರೂ ಹೌದು. ಆದರೆ ಬೇಡವೆನ್ನದೆ ಪರ್ಸು ತೆರೆದು, ಬೆಳಿಗ್ಗೆ ನಾನು ಬರೆದುಕೊಟ್ಟಿದ್ದ ಚೀಟಿಯನ್ನೇ ತೆಗೆದು, ಅದರಲ್ಲಿ ಕುಂಕುಮ ಮಡಿಚಿಟ್ಟುಕೊಂಡರು.

ಹಾಸನ ಸೇರುವಾಗ ಏಳೂವರೆ. ಮನೆ ಮುಂದೆ ಇಳಿಯುವಾಗ, "ಆ ಬಳೆ ಎಷ್ಟಿತ್ತು ಅಂದಿರಿ?" ಎಂದು ಕೇಳಿದರು.

"ಏಳು."

"ನಾನು ಎಂಟು ಎಣಿಸಿದೆ" ಎಂದು ಗೇಟು ತೆರೆದು ಒಳಗೆ ಹೋದರು.